ಮಗಳೇ, ಡಬ್ಬಿ ವಾಪಸ್ ಕೇಳಬೇಡ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಮೇಲಿನ ಮನೆ ಆಂಟಿಯ ಯಜಮಾನರು ತೀರಿಕೊಂಡು ಮೂರು ವಾರ ಆಯ್ತಪ್ಪ. ಮೆಟ್ಟಿಲ ಹತ್ತಿರ ಸಿಕ್ಕಾಗ, ಏನು ಬೇಕಿದ್ರೂ ಹೇಳಿ ಆಂಟಿ ಅಂದೆ. ಹೂಂ ಅಂದ್ರು, ಅಷ್ಟೇ. ಪ್ರಾರ್ಥನೆಯಂತೂ ಮಾಡ್ತಿದ್ದೀನಿ. ಇನ್ನೇನು ಮಾಡ್ಲಿ?" ಅಂದೆ. ನಾನು "ಊಟ ತಗೊಂಡು ಹೋಗಮ್ಮ" ಅಂದುಬಿಟ್ಟೆ. "ಬರೀ ಊಟನಾ?" ಅಂತ ನೀನು ಕೇಳಿದೆ, ಅಷ್ಟರಲ್ಲಿ ಲೈನ್ ಕಟ್ಟಾಯ್ತು.

ಆ "ಬರೀ" ಅನ್ನೋದು ರಾತ್ರಿ ತುಂಬಾ ಹೊತ್ತು ತಲೆಯಲ್ಲೇ ಇತ್ತು. ಅದಕ್ಕೇ ಈ ಪತ್ರ.

ಅಮ್ಮ ಹೋದಾಗ ನಿನಗೆ ಒಂಬತ್ತು ವರ್ಷ. ಎಷ್ಟು ನೆನಪಿದೆಯೋ ಏನೋ. ಮೊದಲ ವಾರ ನಮ್ಮ ಅಡುಗೆಮನೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಚರ್ಚಿನ ಸಭೆಯವರು, ಆಫೀಸಿನವರು, ಅಕ್ಕಪಕ್ಕದವರು, ಎಲ್ಲರೂ ಊಟ ತಂದರು. ಒಂದು ದಿನ ಎಣಿಸಿದೆ, ಹನ್ನೊಂದು ಡಬ್ಬಿ. ಫ್ರಿಜ್ಜಿನ ಬಾಗಿಲು ಮುಚ್ಚುತ್ತಿರಲಿಲ್ಲ. ತಿನ್ನೋಕೆ ಇದ್ದವರು ನಾವಿಬ್ಬರೇ, ಇಬ್ಬರಿಗೂ ಹಸಿವಿಲ್ಲ. ಅರ್ಧಕ್ಕರ್ಧ ಹಳಸಿ ಹೋಯಿತು. ಅದನ್ನು ರಾತ್ರಿ ಯಾರಿಗೂ ಕಾಣದ ಹಾಗೆ ಚೆಲ್ಲಿ ಬಂದೆ. ಆಮೇಲೆ ಡಬ್ಬಿಗಳ ಕಾಟ. ಯಾವುದು ಯಾರದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು? ಒಬ್ಬರು ಫೋನ್ ಮಾಡಿ "ಡಬ್ಬಿ ಬಂತು, ಮುಚ್ಚಳ ಬೇರೆ ಯಾರದ್ದೋ" ಅಂದರು. ಈಗ ನಗು ಬರುತ್ತದೆ. ಆಗ ಆ ಮುಚ್ಚಳ ಹುಡುಕುತ್ತಾ ನೆಲದ ಮೇಲೆ ಕೂತವನು ಅರ್ಧ ಗಂಟೆ ಏಳಲೇ ಇಲ್ಲ.

ಬಂದವರೆಲ್ಲ ಹೋಗುವಾಗ ಒಂದೇ ಮಾತು ಹೇಳಿದರು, "ಏನು ಬೇಕಿದ್ರೂ ಹೇಳಿ." ಮನಸ್ಸಿನಿಂದಲೇ ಹೇಳಿದರು, ನನಗೆ ಅನುಮಾನವಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಯಾರೂ ಬರುತ್ತಿರಲಿಲ್ಲ. ಫ್ರಿಜ್ಜಿನಲ್ಲಿ ನೀರಿನ ಬಾಟಲಿ, ಒಣಗಿದ ಅರ್ಧ ನಿಂಬೆಹಣ್ಣು. ನೀನು ಮೂರು ದಿನ ಬ್ರೆಡ್ ತಿಂದುಕೊಂಡು ಸ್ಕೂಲಿಗೆ ಹೋದೆ. ಅವರೆಲ್ಲರ ನಂಬರ್ ನನ್ನ ಹತ್ತಿರ ಇತ್ತು, ಒಂದಕ್ಕೂ ಮಾಡಲಿಲ್ಲ. ಏನಂತ ಮಾಡಲಿ? "ನನಗೆ ಅನ್ನ ಮಾಡೋಕೆ ಬರಲ್ಲ, ಮಗು ಹಸಿದುಕೊಂಡಿದೆ" ಅಂತ ಮೂವತ್ತೆಂಟು ವರ್ಷದ ಗಂಡಸು ಬಾಯಿಬಿಟ್ಟು ಹೇಳುತ್ತಾನಾ? ಅದಿರಲಿ, ಏನು ಬೇಕು ಅನ್ನೋದು ಹೊಳೆಯಬೇಕಲ್ಲ. ಅದೂ ಒಂದು ಕೆಲಸ. ಸಾವಾದ ಮನೆಯಲ್ಲಿ ಆಗಲೇ ನೂರು ಕೆಲಸ ಇರುತ್ತದೆ. ಬ್ಯಾಂಕು, ಸರ್ಟಿಫಿಕೇಟು, ಫೋನುಗಳು. ಅದರ ಮೇಲೆ ನಾವು ಇನ್ನೊಂದನ್ನು ಕೊಟ್ಟು ಬರುತ್ತೇವೆ.

ಆಗ ಬಂದವರು ನಿನ್ನ ಬುಧವಾರದಜ್ಜಿ. ಆ ಹೆಸರಿಟ್ಟಿದ್ದು ನೀನೇ. ಸಭೆಯಲ್ಲಿ ಕೊನೇ ಬೆಂಚಿನಲ್ಲಿ ಕೂರುತ್ತಿದ್ದರು, ನಾನು ಅದಕ್ಕೆ ಮುಂಚೆ ಅವರ ಜೊತೆ ಸರಿಯಾಗಿ ಮಾತಾಡಿದ್ದೂ ಇಲ್ಲ. ಫೋನ್ ಮಾಡಿ ಇಷ್ಟೇ ಹೇಳಿದರು, "ಬುಧವಾರ ಸಂಜೆ ಏಳು ಗಂಟೆಗೆ ಊಟ ತರ್ತೀನಪ್ಪ. ಮಗುಗೆ ಆಗದೇ ಇರೋದು ಏನಾದ್ರೂ ಇದೆಯಾ?" ನಿನಗೆ ಕಡಲೆಕಾಯಿ ತಿಂದರೆ ಮೈಯೆಲ್ಲ ಗುಳ್ಳೆ ಏಳುತ್ತದೆ ಅಂದೆ. "ಸರಿ" ಅಂತ ಇಟ್ಟುಬಿಟ್ಟರು. ತರಲಾ, ಬೇಡವಾ ಅಂತ ಕೇಳಲಿಲ್ಲ. ಕೇಳಿದ್ದರೆ ನಾನು "ಬೇಡಮ್ಮ, ನಿಮಗ್ಯಾಕೆ ತೊಂದರೆ" ಅಂದೇ ಅನ್ನುತ್ತಿದ್ದೆ.

ಏಳಕ್ಕೆ ಸರಿಯಾಗಿ ಬಂದರು. ಅನ್ನ, ಬೇಳೆ ಸಾರು, ನಿನಗೊಂದು ಬೇಯಿಸಿದ ಮೊಟ್ಟೆ. ಸಿಂಕಿನಲ್ಲಿ ನಾಲ್ಕು ದಿನದ ಪಾತ್ರೆ ಇತ್ತು, ವಾಸನೆ ಬರುತ್ತಿತ್ತು. ನಾನು ನಾಚಿಕೆಯಿಂದ ಅಡ್ಡ ನಿಂತೆ. "ಸಾರು ಬಿಸಿ ಇದೆ, ಕೂತ್ಕೊಳಪ್ಪ" ಅಂತ ನನ್ನನ್ನು ದಾಟಿ ಹೋಗಿ ನಲ್ಲಿ ತಿರುಗಿಸಿದರು. ನಾವು ಊಟ ಮುಗಿಸುವಷ್ಟರಲ್ಲಿ ಪಾತ್ರೆ ಮುಗಿದಿತ್ತು. ನಿನ್ನ ತಲೆ ಸವರಿ ಹೊರಟರು. ಸಾವಿನ ಬಗ್ಗೆ ಒಂದು ಮಾತಿಲ್ಲ, ದೇವರ ಬಗ್ಗೆ ಒಂದು ಮಾತಿಲ್ಲ. ಆ ರಾತ್ರಿ ನಾನು ತಿಂಗಳಲ್ಲಿ ಮೊದಲ ಸಲ ಪ್ರಾರ್ಥನೆ ಮಾಡಿದೆ.

ಹೀಗೆ ಐದು ಬುಧವಾರ. ಆರನೇ ಸಲ ಡಬ್ಬಿ ತರಲಿಲ್ಲ, ಚೀಲದಲ್ಲಿ ಅಕ್ಕಿ, ಬೇಳೆ, ಒಂದಿಷ್ಟು ತರಕಾರಿ ತಂದರು. "ಇವತ್ತು ನೀನು ಮಾಡು. ನಾನು ಕುರ್ಚಿ ಮೇಲೆ ಕೂತಿರ್ತೀನಿ" ಅಂದರು. ನಾನು ಅಕ್ಕಿ ತೊಳೆಯುವುದನ್ನೂ ಅವರನ್ನು ಕೇಳಿ ಮಾಡಿದೆ. ನೀರು ಎಷ್ಟು ಅಂದರೆ, ಬೆರಳು ಇಟ್ಟು ತೋರಿಸಿದರು. ಬೇಳೆ ಉಕ್ಕಿದಾಗ ಗಾಬರಿಯಾಗಿ ಅದರ ಹಿಂದೆ ಬಿದ್ದೆ, ಈ ಕಡೆ ಅನ್ನ ತಳ ಹಿಡಿಯಿತು. ಮನೆಯೆಲ್ಲ ಸೀದ ವಾಸನೆ. ಅಜ್ಜಿ ಎದ್ದು ಬಂದು ಮೇಲಿನ ಒಳ್ಳೆ ಅನ್ನ ನಿನಗೂ ನನಗೂ ಹಾಕಿ, ತಳದ್ದನ್ನು ತಾವು ಬಡಿಸಿಕೊಂಡರು. ಪೂರ್ತಿ ತಿಂದರು. "ಮುಂದಿನ ಸಲ ಉರಿ ಕಡಿಮೆ ಇಡು" ಅಂದರು, ಅಷ್ಟೇ. ಅವತ್ತು ಕಲಿತ ಸಾರನ್ನೇ ನಾನು ಈಗಲೂ ಎಲ್ಲರ ಮನೆಗೂ ತಗೊಂಡು ಹೋಗೋದು. ಬೇರೆ ಅಡುಗೆ ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ, ನಿನಗೇ ಗೊತ್ತಲ್ಲ.

ಈಗ ನಿನ್ನ "ಬರೀ"ಗೆ ಬರುತ್ತೇನೆ. ಬೈಬಲಿನಲ್ಲಿ ಪ್ರವಾದಿ ಎಲೀಯನ ಕಥೆ ತೆಗೆದು ಓದು, 1 ಅರಸುಗಳು 19ನೇ ಅಧ್ಯಾಯ. ಅವನನ್ನು ಕೊಲ್ಲಿಸುತ್ತೇನೆ ಅಂದ ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಅಡವಿಯಲ್ಲಿ ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅಂತ ಬೇಡಿಕೊಂಡು ಮಲಗಿಬಿಡುತ್ತಾನೆ. ದೇವದೂತ ಬಂದು ಏನು ಮಾಡುತ್ತಾನೆ? ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೇವದೂತ ಎರಡನೇ ಸಲ ಬಂದು ಎಬ್ಬಿಸಿ ತಿನ್ನಿಸುತ್ತಾನೆ, ದಾರಿ ನಿನ್ನ ಶಕ್ತಿಗೆ ಮೀರಿದ್ದು ಅನ್ನುತ್ತಾನೆ. "ಎಲೀಯಾ, ಇಲ್ಲೇನು ಮಾಡ್ತಿದ್ದೀಯ?" ಅಂತ ದೇವರು ಕೇಳುವುದು ಅಲ್ಲಿಂದ 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಮೊದಲು ಎರಡು ಊಟ, ನಿದ್ದೆ. ಪ್ರಶ್ನೆ ಆಮೇಲೆ.

ಪೇತ್ರನ ವಿಷಯದಲ್ಲೂ ಹಾಗೇ. ಯೇಸುವಿನ ಶಿಷ್ಯ, ಆದರೂ ಮೂರು ಸಲ ಅವನನ್ನು ಅರಿಯೆ ಅಂದವನು. ಯೇಸು ಸತ್ತು ಎದ್ದು ಬಂದ ಮೇಲೆ ಸಮುದ್ರದ ದಡದಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದ. ಬಲೆಯಲ್ಲಿ 153 ಮೀನು ಬಿದ್ದಿದ್ದು ಎಲ್ಲರಿಗೂ ನೆನಪಿರುತ್ತದೆ. ನನಗೆ ನೆನಪಿರುವುದು "ಊಟವಾದ ಮೇಲೆ" ಅನ್ನುವ ಮಾತು. ನೀನು ನನ್ನನ್ನು ಪ್ರೀತಿಸುತ್ತೀಯಾ ಅಂತ ಯೇಸು ಪೇತ್ರನನ್ನು ಕೇಳಿದ್ದು ಊಟವಾದ ಮೇಲೆ. ರಾತ್ರಿಯೆಲ್ಲ ದುಡಿದು ಬಂದವನನ್ನು ಖಾಲಿ ಹೊಟ್ಟೆಯಲ್ಲಿ ನಿಲ್ಲಿಸಿ ಕೇಳಲಿಲ್ಲ.

ಇನ್ನೊಂದು, ಅಪ್ಪನಾಗಿ ನನಗೆ ತುಂಬಾ ಇಷ್ಟ. ಯಾಯೀರನ ಮಗಳು, 12 ವರ್ಷದ ಹುಡುಗಿ. ಸತ್ತವಳು ಎದ್ದು ಓಡಾಡುತ್ತಿದ್ದಾಳೆ, ಎಲ್ಲರೂ ಬೆರಗಾಗಿ ನಿಂತಿದ್ದಾರೆ. ಯೇಸು ಮಾತ್ರ, ಅವಳಿಗೆ ಏನಾದರೂ ತಿನ್ನಲು ಕೊಡಿ ಅನ್ನುತ್ತಾನೆ. ಅಷ್ಟು ದೊಡ್ಡ ಅದ್ಭುತದ ನಡುವೆ ಮಗುವಿನ ಹೊಟ್ಟೆ ನೆನಪಾಗಿದ್ದು ಅವನಿಗೊಬ್ಬನಿಗೇ.

ನನ್ನ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ನೀನು ಕಾಲೇಜಿನಲ್ಲಿದ್ದಾಗ, ಹೆಂಡತಿ ಕಳೆದುಕೊಂಡ ಒಬ್ಬರ ಮನೆಗೆ ಸಾರು ತಗೊಂಡು ಹೋಗಿದ್ದೆ. ಅವರ ಮುಖ ನೋಡಿ ನನಗೆ ನನ್ನ ದಿನಗಳೆಲ್ಲ ನೆನಪಾಯಿತು. "ನನಗೂ ಹೀಗೇ ಆಗಿತ್ತು" ಅಂತ ಶುರು ಮಾಡಿದವನು ಒಂದೂವರೆ ಗಂಟೆ ನನ್ನ ಕಥೆ ಹೇಳಿದೆ. ಕೊನೆಗೆ ಅವರೇ ನನಗೆ ನೀರು ತಂದುಕೊಟ್ಟು ಸಮಾಧಾನ ಮಾಡಿದರು. ಸಾರು ಮೇಜಿನ ಮೇಲೆ ಆರಿ ತಣ್ಣಗಾಗಿತ್ತು. ದಾರಿಯಲ್ಲಿ ಬರುವಾಗ ನನಗೇ ಛೀ ಅನ್ನಿಸಿತು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಏಳು ದಿನ, ಏಳು ರಾತ್ರಿ ಅವನ ಜೊತೆ ಸುಮ್ನೆ ನೆಲದ ಮೇಲೆ ಕೂತಿದ್ದರು. ಬಾಯಿ ತೆಗೆದ ಮೇಲೆಯೇ ಎಲ್ಲ ಕೆಟ್ಟಿದ್ದು. ನನಗೂ ಆ ಮೊದಲ ವಾರ ಒಬ್ಬರು, "ನಂಬಿಕೆ ಇನ್ನೂ ಸ್ವಲ್ಪ ಜಾಸ್ತಿ ಇದ್ದಿದ್ರೆ..." ಅಂದಿದ್ದರು. ಅವರು ತಂದ ಪಾಯಸ ಬಹಳ ರುಚಿಯಾಗಿತ್ತು. ಈಗ ನೆನಪಿರುವುದು ಆ ಮಾತು ಮಾತ್ರ.

ಮೇಲಿನ ಮನೆಯವರು ನಮ್ಮ ಧರ್ಮದವರಲ್ಲ ಅಂತಲೂ ನೀನು ಅಂದೆ. ಅದರಿಂದ ಏನೂ ಬದಲಾಗುವುದಿಲ್ಲ. ಡಬ್ಬಿಯ ಮೇಲೆ ವಚನ ಅಂಟಿಸಬೇಡ, ಚೀಲದಲ್ಲಿ ಕರಪತ್ರ ಇಡಬೇಡ, ಭಾನುವಾರ ಆರಾಧನೆಗೆ ಬನ್ನಿ ಅನ್ನಬೇಡ. ನಿನ್ನ ನಂಬಿಕೆಯ ಬಗ್ಗೆ ಅವರಾಗೇ ಕೇಳಿದ ದಿನ ಮುಚ್ಚಿಡದೆ ಹೇಳು, ಆವರೆಗೂ ಬೇಡ. ಹಸಿದ ಅಣ್ಣ ಏಸಾವನಿಗೆ ಯಾಕೋಬನೂ ಬೇಳೆ ಅಡುಗೆ ಬಡಿಸಿದ್ದ, ಆದರೆ ಬದಲಿಗೆ ಆಣೆ ಹಾಕಿಸಿ ಅವನ ಚೊಚ್ಚಲ ಮಗನ ಹಕ್ಕನ್ನು ಕೊಂಡುಕೊಂಡ. ಬೇರೆಯವರ ಸಂಕಟ ನೋಡಿ ವ್ಯಾಪಾರಕ್ಕೆ ಇಳಿದರೆ ಅದು ಏಸಾವನಿಗೆ ಕೊಟ್ಟ ಊಟ ಆಗುತ್ತದೆ. ಥ್ಯಾಂಕ್ಸ್ ಕೂಡ ಕಾಯಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಇದು ಸಣ್ಣ ಕೆಲಸ ಅನ್ನಿಸಿದರೆ, ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ನೋಡು. ಮೊದಲ ಸಭೆಯಲ್ಲಿ ಗೊಣಗಾಟ ಎದ್ದಿದ್ದೇ ಊಟದ ವಿಷಯಕ್ಕೆ, ಗ್ರೀಕ್ ಮಾತಾಡುವವರ ಕಡೆಯ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಸಿಗುತ್ತಿಲ್ಲ ಅಂತ. ಅದನ್ನು ನೋಡಿಕೊಳ್ಳೋಕೆ ಆರಿಸಿದ ಏಳು ಜನರು ಹೇಗಿರಬೇಕು ಅಂದರು ಗೊತ್ತಾ? ಒಳ್ಳೆ ಹೆಸರಿರಬೇಕು, ಪವಿತ್ರಾತ್ಮನಿಂದಲೂ ಜ್ಞಾನದಿಂದಲೂ ತುಂಬಿರಬೇಕು. ಬಡಿಸುವ ಕೆಲಸಕ್ಕೆ! ಆ ಪಟ್ಟಿಯಲ್ಲಿ ಮೊದಲ ಹೆಸರು, ಮುಂದೆ ನಂಬಿಕೆಗಾಗಿ ಪ್ರಾಣ ಕೊಟ್ಟ ಸ್ತೆಫನನದು.

ಇನ್ನು ಕೆಲಸದ ಮಾತು. ಒಂದೇ ಬಗೆ ಮಾಡು, ಸಾಕು. ಯೇಸು ಮನೆಗೆ ಬಂದಾಗ ಉಪಚಾರದಲ್ಲೇ ಮುಳುಗಿದ ಮಾರ್ಥಾಳ ಹಾಗೆ ನಾಲ್ಕು ಒಲೆ ಹೊತ್ತಿಸಿ ಸುಸ್ತಾಗಿ, ಸಿಡುಕು ಮುಖದಲ್ಲಿ ಹೋಗಬೇಡ. ಉಪ್ಪು, ಖಾರ ಸ್ವಲ್ಪ ಕಡಿಮೆ ಇರಲಿ, ಬೇಕಾದವರು ಹಾಕಿಕೊಳ್ಳುತ್ತಾರೆ. ದೊಡ್ಡ ಪಾತ್ರೆ ಬೇಡ. ಒಬ್ಬೊಬ್ಬರಿಗೆ ಆಗುವಂಥ ಚಿಕ್ಕ ಡಬ್ಬಿಗಳಲ್ಲಿ ಹಾಕು, ಮೂರು ಜನ ಮೂರು ಹೊತ್ತಿಗೆ ಹಸಿಯಬಹುದು. ಮಾಡಿದ ಅಡುಗೆ 2 ಗಂಟೆಗಿಂತ ಜಾಸ್ತಿ ಹೊರಗಿರಬಾರದು, ಸೆಕೆಯಿದ್ದರೆ ಒಂದೇ ಗಂಟೆ. ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಫ್ರಿಜ್ಜಿನಲ್ಲಿಟ್ಟರೆ 3-4 ದಿನ, ಅದಕ್ಕೇ ಮುಚ್ಚಳದ ಮೇಲೆ ತಾರೀಖು ಬರಿ. ಏನೇನು ಹಾಕಿದ್ದೀಯ ಅಂತಲೂ ಬರಿ. ನೀನು ಕೇಳಬಹುದಾದ ಪ್ರಶ್ನೆ ಒಂದೇ, ಅಜ್ಜಿ ಕೇಳಿದ್ದು. ಮಕ್ಕಳಿಗೆ ಆಗದೇ ಇರೋದು ಏನು? ವಾಪಸ್ ಬರಬೇಕಾಗಿಲ್ಲದ ಡಬ್ಬಿ ತಗೋ, ಬಾಗಿಲಲ್ಲೇ ಹಾಗಂತ ಹೇಳಿಬಿಡು.

ಮುಂದೆ ಯಾವಾಗಲಾದರೂ ಕ್ಯಾನ್ಸರಿಗೆ ಕೀಮೋ ತಗೊಳ್ಳುತ್ತಿರುವವರ ಮನೆಗೆ ಹೋಗುವುದಿದ್ದರೆ ನನ್ನನ್ನು ಕೇಳು. ಅಮ್ಮನಿಗೆ ಒಗ್ಗರಣೆ ವಾಸನೆ ಬಂದರೆ ಹೊಟ್ಟೆ ತೊಳೆಸುತ್ತಿತ್ತು, ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸ್ಟೀಲ್ ಚಮಚ ಬಾಯಿಗಿಟ್ಟರೆ ಕಬ್ಬಿಣದ ರುಚಿ ಅನ್ನುತ್ತಿದ್ದಳು. ತಣ್ಣಗಿನ ಗಂಜಿಯನ್ನು ಪ್ಲಾಸ್ಟಿಕ್ ಚಮಚದಲ್ಲಿ ಕೊಟ್ಟರೆ ನಾಲ್ಕು ಗುಟುಕು ಒಳಗೆ ಹೋಗುತ್ತಿತ್ತು.

ದಿನಾ ಕೊಡುತ್ತೇನೆ ಅಂತ ಮಾತು ಕೊಡಬೇಡ. ನಿನಗೂ ಕೆಲಸ ಇದೆ, ಎರಡು ವಾರದಲ್ಲಿ ಸಾಕಾಗುತ್ತದೆ, ಆಮೇಲೆ ಅವರ ಕಣ್ಣು ತಪ್ಪಿಸಿ ಮೆಟ್ಟಿಲು ಇಳಿಯುತ್ತೀಯ. ವಾರಕ್ಕೊಂದು ದಿನ ಇಟ್ಟುಕೋ, ಆ ದಿನ ತಪ್ಪಿಸಬೇಡ. ನೀನು ಸುಸ್ತಾದ ವಾರ ಹೋಟೆಲಿನಿಂದ ತಂದು ಕೊಟ್ಟರೂ ಊಟವೇ.

ಇದು ಅವರಿಗೆ ನಾಲ್ಕನೇ ವಾರ. ಬುಧವಾರವೇ ಹೋಗು ಅಂತ ಹೇಳಲಾ? ಹೇಳಿಬಿಡುತ್ತೇನೆ, ಬುಧವಾರವೇ ಹೋಗು. "ಸಂಜೆ ಏಳಕ್ಕೆ ಊಟ ತರ್ತೀನಿ ಆಂಟಿ" ಅಂತ ಬೆಳಿಗ್ಗೆ ಒಂದು ಮೆಸೇಜ್ ಹಾಕು. ಅವರು ಒಳಗೆ ಕರೆದರೆ ಹೋಗು, ಬಾಗಿಲಲ್ಲೇ ತಗೊಂಡರೆ ಬಂದುಬಿಡು. ಸಿಂಕಿನಲ್ಲಿ ಪಾತ್ರೆ ಕಂಡರೆ ನಿನಗೇ ಗೊತ್ತು.

ಬಂದು ಫೋನ್ ಮಾಡು. ಅವರು ಏನಂದರು ಅಂತ ನಾನು ಕೇಳುವುದಿಲ್ಲ. ಅನ್ನ ತಳ ಹಿಡಿಯಿತಾ ಅಂತ ಮಾತ್ರ ಕೇಳುತ್ತೇನೆ.

ನಿನ್ನ
ಅಪ್ಪ