ಡಿಸೆಂಬರಿನಲ್ಲಿ ಜಾಗ ನೋಡಬೇಡ ಮಾರಾಯ

ಪ್ರೀತಿಯ ಗುಂಡ್ಯಾ,

ಆಪತ್ತಿಗೆ ಆಗುವಂಥ ಜಾಗ ಎಲ್ಲಿ ಕೊಳ್ಳಲಿ ಎಂದು ಅಂಕ ಹಾಕಿದ ನಿನ್ನ ಎಕ್ಸೆಲ್ ಶೀಟು ಬಂತು. ಕುಮಟಾ ತಾಲೂಕಿಗೆ ನೂರಕ್ಕೆ ಎಂಬತ್ತೆರಡು! ನಮ್ಮ ಗಣಿತದ ಮಾಸ್ತರು ನೋಡಿದ್ದರೆ ಅಳುತ್ತಿದ್ದರು, ಯಾಕೆ ಅಂತ ನಿನಗೇ ಗೊತ್ತು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಬೆಂಗಳೂರಿನಿಂದ ಇದೇ ಪ್ರಶ್ನೆ ಹೊತ್ತು ಬರುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ನಾಲ್ಕು ಜನ ಓದುವಲ್ಲಿ ಬರೆಯುತ್ತಿದ್ದೇನೆ. ಲೈಕು ಬಂದರೆ ನನಗೆ, ಬೈಗುಳ ಬಂದರೆ ನಿನಗೆ.

ನಿನಗೆ ಬೇಕಾದದ್ದು ಒಂದೂವರೆ ಎಕರೆ, ಬಾವಿ, ಹತ್ತು ತೆಂಗು, ಒಂದು ದನ, ಏನೇ ಆಪತ್ತು ಬಂದರೂ ಮೂರು ತಿಂಗಳು ದಣಪೆ (ಬೇಲಿಯ ಬಾಗಿಲು) ದಾಟದೆ ಬದುಕುವ ವ್ಯವಸ್ಥೆ. ಆಗದ್ದೇನಲ್ಲ. ಆದರೆ ನೀನು ಜಾಗ ನೋಡಿ ಹೋದದ್ದು ಡಿಸೆಂಬರಿನಲ್ಲಿ. ಆಗ ಇಲ್ಲಿ ಎಲ್ಲ ಜಾಗವೂ ಚಂದವೇ. ನೀರು ನೋಡಲು ಮೇ ತಿಂಗಳ ಕೊನೆ ಬೇಕು, ಮಣ್ಣು ನೋಡಲು ಜುಲೈ.

ಅಘನಾಶಿನಿ ಹೊಳೆಯಲ್ಲಿ ಭರತದ, ಅಂದರೆ ಸಮುದ್ರದ ಉಬ್ಬರದ, ಉಪ್ಪುನೀರು ಬಹಳ ಒಳಗಿನವರೆಗೆ ಬರುತ್ತದೆ. ಗಜನಿ (ಉಪ್ಪುನೀರು ಹತ್ತುವ ತಗ್ಗು ಗದ್ದೆ) ಅಂಚಿನ ಬಾವಿ ಜನವರಿಯಲ್ಲಿ ಸಿಹಿ, ಏಪ್ರಿಲ್ ಕಳೆಯುವಾಗ ಸವಳು. ಮೇ ಮೂರನೇ ವಾರದ ಹೊತ್ತಿಗೆ, ಅಮಾವಾಸ್ಯೆಯೋ ಹುಣ್ಣಿಮೆಯೋ ನೋಡಿಕೊಂಡು, ತುಂಬು ಭರತದಲ್ಲಿ ಬಾ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡು, ಒಂದು ತಾಸು ಪಂಪು ಬಿಡು, ಮತ್ತೆ ಅದ್ದು. ಲೀಟರಿಗೆ 500 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದ ಕಡೆ 2000ದವರೆಗೂ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನದಂಡ. ಪಂಪು ಬಿಟ್ಟ ಮೇಲಿನ ಅಂಕಿ ಮೊದಲಿನದಕ್ಕಿಂತ ಏರಿತೋ, ಆ ಬಾವಿಯ ಆಸೆ ಬಿಡು. ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ಸಿಹಿನೀರು ತೇಲುತ್ತಿರುತ್ತದೆ. ಮೇಲಿನ ಮಟ್ಟ ಒಂದು ಮೀಟರ್ ಇಳಿದರೆ ಅಡಿಯ ಉಪ್ಪು ಸುಮಾರು ನಲವತ್ತು ಮೀಟರ್ ಏರಬಲ್ಲದು ಎಂಬುದು ಅಂತರ್ಜಲದವರ ಹಳೆಯ ಲೆಕ್ಕ. ಬ್ರೋಕರ್ ಹೇಳಿದ "ಬೋರ್ ಹೊಡೆಸಿದರಾಯ್ತು" ಹೊಳೆಯಂಚಿಗೆ ಆಗುವ ಮಾತಲ್ಲ.

ಬಾವಿ ಕೈಕೊಟ್ಟರೆ ಮಾಡಿನ (ಛಾವಣಿಯ) ನೀರಿದೆ. ನೂರು ಚದರ ಮೀಟರ್ ಮಾಡಿಗೆ ಮಳೆಗಾಲದಲ್ಲಿ ಬೀಳುವುದು ಎರಡೂವರೆ ಲಕ್ಷ ಲೀಟರಿಗೂ ಮಿಕ್ಕಿ. ಅಷ್ಟೂ ಹಿಡಿಯುವ ಹುಚ್ಚು ಬೇಡ. ಕುಡಿಯಲು, ಅಡುಗೆಗೆ ನಾಲ್ಕು ಜನಕ್ಕೆ ದಿನಕ್ಕೆ 80 ಲೀಟರ್ ಹಿಡಿದರೆ ಫೆಬ್ರವರಿಯಿಂದ ಮೇವರೆಗೆ 9,600. ಹತ್ತು ಸಾವಿರದ ಟಾಂಕಿ ಸಾಕು. ತುಂಬಿಸುವುದು ಮಾತ್ರ ಸೆಪ್ಟೆಂಬರಿನಲ್ಲಿ. ಜೂನಿನ ಮಾಡಿನ ಮೇಲೆ ವರ್ಷವಿಡೀ ಬಿದ್ದ ಎಲೆ, ಹಕ್ಕಿಹಿಕ್ಕೆ ಎಲ್ಲ ಇರುತ್ತದೆ.

ಇನ್ನು 'ಸಂಪರ್ಕ'ಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದೀಯಲ್ಲ, ಅದನ್ನು ನಾಲ್ಕಕ್ಕೆ ಇಳಿಸು. ಇರುವುದು ಹೆದ್ದಾರಿ 66, ಕೊಂಕಣ ರೈಲು, ಮತ್ತೆ ಘಟ್ಟ ಹತ್ತುವ ಅರಬೈಲು, ದೇವಿಮನೆ, ದೊಡ್ಮನೆ, ಗೇರುಸೊಪ್ಪೆಯ ದಾರಿಗಳು. ನಕ್ಷೆಯಲ್ಲಿ ಆರು ದಾರಿ. ಆದರೆ ಆರೂ ಗುಡ್ಡ ಕಡಿದು ಮಾಡಿದವು, ಒಂದೇ ಮಳೆಗೆ ಒಟ್ಟಿಗೇ ಮುಚ್ಚಬಹುದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಂತು. ಆಗಸ್ಟ್ 7ಕ್ಕೆ ಕಾರವಾರದಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಬಿತ್ತು. ಶಿರೂರಿನ ಮಣ್ಣು ಗಂಗಾವಳಿ ಹೊಳೆಗೆ ಬಿದ್ದು ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು ಎಂಬುದನ್ನು ಮರೆಯಬೇಡ. ಹೊಳೆದಂಡೆಯ ಜಾಗವಾದರೆ ಎದುರು ದಡದ ಗುಡ್ಡವನ್ನೂ ನೋಡಬೇಕು. ಅಘನಾಶಿನಿಗೆ ಅಣೆಕಟ್ಟಿಲ್ಲ, ಗೇಟು ತೆಗೆಯುವ ಭಯವಿಲ್ಲ ಅಂತ ಹಿಗ್ಗಿದ್ದೀಯ. ಘಟ್ಟದ ಮೇಲೆ ಹೊಯ್ದ ಮಳೆ ಸೀದಾ ಇಳಿದು ಬರುತ್ತದೆ, "ಇಂತಿಷ್ಟು ಹೊತ್ತಿಗೆ ಬಿಡುತ್ತೇವೆ" ಎಂದು ಹೇಳುವವರೂ ಇಲ್ಲ. ದೊಡ್ಡ ಕಾಯಿಲೆಗೆ ಮಣಿಪಾಲ, ನೂರು ಕಿ.ಮೀ. ಮೀರಿದ ದಾರಿ. ಬಿಪಿ, ಶುಗರಿನ ಮಾತ್ರೆ ಜೂನ್ ಒಂದಕ್ಕೇ ಎರಡು ತಿಂಗಳಿಗಾಗುವಷ್ಟು ಇರಲಿ.

ಕಾಗದಪತ್ರದ ಬಗ್ಗೆ ಎರಡೇ ಮಾತು. ಪಹಣಿ ಕೇಳಿದಾಗ "ಜಿಪಿಎಸ್ ಆಗಿದೆ" ಎಂಬ ಉತ್ತರ ಬಂದರೆ ಅದು ಜಿಪಿಎಸ್‌ನಲ್ಲಿ ಅಳೆದಿಟ್ಟ ಅರಣ್ಯ ಅತಿಕ್ರಮಣ, ಎದ್ದು ಬಾ. ತೋಟದ ಜೊತೆ ಸೊಪ್ಪಿನ ಬೆಟ್ಟವೂ ಬರುತ್ತದೆ ಅಂದರೆ, ಬರುವುದು ಸೊಪ್ಪು ತರುವ ಹಕ್ಕು, ಮಾಲೀಕತ್ವವಲ್ಲ.

ಆಹಾರಕ್ಕೆ ಇಲ್ಲಿನವರು ನಿನ್ನ ಶೀಟು ಬರುವ ಮೊದಲೇ ತಯಾರಿ ಮಾಡಿಕೊಂಡು ಬಂದವರು: ಉಪ್ಪಲ್ಲಿ ಹಾಕಿದ ಹಲಸಿನ ಸೊಳೆ, ಮಿಡಿ, ಹಪ್ಪಳ, ಜೂನ್-ಜುಲೈ ಯಾಂತ್ರಿಕ ಮೀನುಗಾರಿಕೆ ಬಂದಾಗುವುದರಿಂದ ಒಣಮೀನು. ತಲೆಗೆ ದಿನಕ್ಕೆ 400 ಗ್ರಾಂ ಅಕ್ಕಿಯಂತೆ ನಾಲ್ಕು ಜನಕ್ಕೆ ತಿಂಗಳಿಗೆ 48 ಕೆ.ಜಿ. ಅಕ್ಕಿ ಬಿಸಿಲಿಗೆ ಹಾಕಿ ಡ್ರಮ್ಮಿಗೆ ತುಂಬುವುದು ಮೇ ತಿಂಗಳಲ್ಲೇ. ಜೂನ್ ಬಂದಮೇಲೆ ತುಂಬಿದ್ದು ಹುಳಕ್ಕೆ. ಸೋಲಾರ್ ನೆಚ್ಚಬೇಡ: ಕರೆಂಟು ವಾರಗಟ್ಟಲೆ ಹೋಗುವ ಜುಲೈಯಲ್ಲೇ ಪ್ಯಾನೆಲ್ ಸೊರಗುತ್ತದೆ. ದೀಪ, ಫೋನಿಗಷ್ಟೇ ಅದನ್ನು ಇಟ್ಟುಕೊಂಡು, ಬಾವಿಗೆ ರಾಟೆ, ಹಗ್ಗ, ಕೊಡಪಾನ ಇರಲಿ.

ಈಗ ನಿನ್ನ ಶೀಟಿನಲ್ಲಿ ಕಾಲಮ್ಮೇ ಇಲ್ಲದ ವಿಷಯ: ಮನೆ ಹಿಂದೆ ಗುಡ್ಡ ಕಡಿದಲ್ಲಿ ನಿಲ್ಲುವ ಕಡಿದಾದ ಮಣ್ಣಿನ ಗೋಡೆ, ನಮ್ಮ ಮಾತಿನಲ್ಲಿ ಧರೆ.

ನೀನು 'ಸುನಾಮಿ'ಗೆ ಒಂದು ಕಾಲಮ್ ಇಟ್ಟಿದ್ದೀಯ. ಇಲ್ಲಿ ಮನೆಯೊಳಗಿದ್ದವರ ಜೀವ ತೆಗೆಯುವುದು ಮುಂದಿನ ಸಮುದ್ರಕ್ಕಿಂತ ಹೆಚ್ಚು ಮನೆ ಹಿಂದಿನ ಧರೆ. ಮೇಲೆ ಗಟ್ಟಿ ಚಿರೆಕಲ್ಲು, ಅದರಡಿ ಶೇಡಿ, ಅಂದರೆ ಮೆತ್ತನೆಯ ಜೇಡಿಯಂಥ ಮಣ್ಣು. ಚಿರೆಕಲ್ಲಿನ ಸಂದಿಯಲ್ಲಿ ಇಳಿದ ನೀರು ಶೇಡಿಗೆ ಬಂದು ನಿಲ್ಲುತ್ತದೆ. ಶೇಡಿ ನೆನೆದು ಜಾರಿದರೆ ಮೇಲಿನ ಕಲ್ಲು ಇಡಿಯಾಗಿ ಬರುತ್ತದೆ. ಅಂಗಳ ಅಗಲ ಮಾಡಲು ಬುಡ ಕಡಿದ ಕಡೆ ತಡೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಜಾಗ ನೋಡುವಾಗ ಧರೆಯ ನೆತ್ತಿಗೆ ಹತ್ತು: ಅಂಚಿಗೆ ಸಮಾನಾಂತರ ಬಿರುಕು, ಒಂದೇ ಕಡೆ ವಾಲಿದ ಮರಗಳು. ಕೆಳಗೆ ಬುಡದಲ್ಲಿ ಹೊಸ ಒರತೆ. ಅದರ ನೀರು ತಿಳಿಯಾಗಿದ್ದದ್ದು ಒಮ್ಮೆಲೇ ಕೆಂಪಾದರೆ ಆ ರಾತ್ರಿಯೇ ಮನೆ ಬಿಡಬೇಕು. ಮನೆಗೂ ಧರೆ ಬುಡಕ್ಕೂ ಕನಿಷ್ಠ ಧರೆಯ ಎತ್ತರದಷ್ಟು ಅಂತರ, ಎರಡರಷ್ಟಿದ್ದರೆ ನೆಮ್ಮದಿ. ನೆತ್ತಿಯ ಹಿಂದೆ ಅಗಳ ತೆಗೆದು ನೀರನ್ನು ಪಕ್ಕಕ್ಕೆ ಹಾಯಿಸು. ಇಂಗುಗುಂಡಿಯ ಉತ್ಸಾಹ ನಿನಗೆ ಬಹಳ, ಗೊತ್ತು. ಮನೆ ಮೇಲಿನ ಇಳಿಜಾರಿನಲ್ಲಿ ಮಾತ್ರ ಖಂಡಿತ ಬೇಡ. ಪಾಗಾರ (ತಡೆಗೋಡೆ) ಕಟ್ಟಿದರೆ ನೀರು ಹೊರಬರಲು ಮೂರು-ನಾಲ್ಕು ಇಂಚಿನ ಪೈಪು ಐದಡಿಗೊಂದು ಇರಬೇಕು. ಇಲ್ಲದಿದ್ದರೆ ಮಣ್ಣಿನ ಜೊತೆ ಪಾಗಾರವೂ ಬರುತ್ತದೆ.

ಇಷ್ಟೆಲ್ಲ ಬಾಯಿಪಾಠ ಹೇಗೆ ಬಂತು ಅಂತ ಕೇಳಬಹುದು. ನಮ್ಮ ಮನೆ ಹಿಂದಿನ ಧರೆ ಹದಿನೈದು ಅಡಿ, ಅಂತರ ಆರಡಿ. ಅಮ್ಮ ಮಲಗುವುದು ಹಿಂದಿನ ಕೋಣೆಯಲ್ಲೇ, ಮುಂದೆ ಬಾ ಅಂದರೆ "ಅಲ್ಲಿ ಸೆಕೆ" ಅನ್ನುತ್ತಾಳೆ. ಸೆಕೆಯಲ್ಲ ಕಾರಣ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಧರೆ ಎಂಬ ಶಬ್ದವನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಜೋರು ಮಳೆಯ ರಾತ್ರಿ ನಾನು ಬ್ಯಾಟರಿ ಹಿಡಿದು ಹಿಂದಿನ ಚರಂಡಿಯ ನೀರು ಯಾವ ಬಣ್ಣ ಅಂತ ನೋಡಿ ಬರುತ್ತೇನೆ. ಕೇಳಿದರೆ ದನ ಕೂಗಿತು ಅನ್ನುತ್ತೇನೆ. ನಮ್ಮ ಕೊಟ್ಟಿಗೆಯಲ್ಲಿ ಈಗ ದನವೇ ಇಲ್ಲ.

ಇರಲಿ. ಇದನ್ನು ಬರೆಯಲು ಕೂತದ್ದಲ್ಲ. ಬರುವಾಗ ಟಿಡಿಎಸ್ ಮೀಟರ್, ಅಳತೆ ಟೇಪು ತಾ. ಆ ಬೂಟು ತರಬೇಡ, ಹಳದೀಪುರದ ಕಥೆ ಮತ್ತೊಮ್ಮೆ ಬೇಡ. ಶೀಟಿಗೆ ಧರೆಯ ಕಾಲಮ್ ಸೇರಿಸಿ ವಾಪಸ್ ಕಳಿಸು, ನಮ್ಮ ಮನೆಗೂ ಅಂಕ ಹಾಕಿಕೊಳ್ಳುತ್ತೇನೆ. ಪಾಸಾಗುವುದು ಅನುಮಾನ, ಆದರೆ ನನಗೂ ನಿನಗೂ ಅದೇನು ಹೊಸದೇ?

ಓದುತ್ತಿರುವ ಉಳಿದವರಿಗೊಂದು ವಿನಂತಿ: ಕಮೆಂಟಿನಲ್ಲಿ ಜೆಸಿಬಿಯವರ ನಂಬರ್ ಹಾಕಬೇಡಿ. ಎಂಟಡಿ ಇದ್ದ ಧರೆಯನ್ನು ಹದಿನೈದಕ್ಕೆ ತಂದದ್ದೇ ಅವರು.

ನಿನ್ನ,
ಎರಡನೇ ಬೆಂಚಿನವ