ಬಿಸ್ಕತ್ತಿನ ಹಿಟ್ಟನ್ನು ನಾದಬೇಡ

ಕಲಬುರಗಿ

ಚಿ. ಸೌ. ಮಗಳಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಯಾದಗಿರಿಯಲ್ಲಿ ನೀವೂ ಆರಾಮ ಎಂದುಕೊಂಡಿದ್ದೇನೆ. ಹೊಸ ಓವನ್‌ನಲ್ಲಿ ಮಾಡಿದ ಬಿಸ್ಕತ್ತು ಹಲ್ಲಿಗೆ ಬಗ್ಗಲಿಲ್ಲ, ಮಗ ಒಮ್ಮೆ ಕಚ್ಚಿ ಇಟ್ಟುಬಿಟ್ಟ ಎಂದು ನೀನು ಫೋನಿನಲ್ಲಿ ಬೇಜಾರು ಮಾಡಿಕೊಂಡಿದ್ದೆ. ಹಿಟ್ಟನ್ನು ಎಷ್ಟು ಹೊತ್ತು ನಾದಿದೆ ಎಂದು ಕೇಳಿದ್ದಕ್ಕೆ "ಮೆತ್ತಗಾಗುವ ತನಕ ಚೆನ್ನಾಗಿ ನಾದಿದೆ ದೊಡ್ಡವ್ವ" ಅಂದೆಯಲ್ಲ, ಎಡವಟ್ಟಾಗಿದ್ದು ಅಲ್ಲೇ. ಓವನ್‌ ಮೇಲೆ ಸಿಟ್ಟು ಬೇಡ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಬರೆದದ್ದಾದರೆ ಅಡುಗೆಮನೆಯಲ್ಲಿ ಇಟ್ಟುಕೊಂಡು ನೋಡಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನದು ರೊಟ್ಟಿ ಬಡಿದು ಪಳಗಿದ ಕೈ. ಜೋಳದ ಹಿಟ್ಟಿಗೆ ತನ್ನದೇ ಅಂಟು ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ ಜಿಗಿ ಬರಿಸುತ್ತೇವೆ. ಚೆನ್ನಾಗಿ ನಾದಿದರೆ ಬಡಿಯುವಾಗ ರೊಟ್ಟಿ ಹರಿಯುವುದಿಲ್ಲ. ಮೈದಾದ ಗುಣ ಇದಕ್ಕೆ ಪೂರಾ ಉಲ್ಟಾ. ಅದಕ್ಕೆ ನೀರು ತಾಗಿ ಕೈಯ ಒತ್ತು ಬಿದ್ದರೆ ಒಳಗಿನ ಪ್ರೋಟೀನ್‌ ಎಳೆ ಎಳೆಯಾಗಿ ಹೆಣೆದುಕೊಳ್ಳುತ್ತದೆ. ಗ್ಲೂಟನ್‌ ಅನ್ನುವುದು ಇದನ್ನೇ. ಬ್ರೆಡ್ಡಿಗೆ ಅದು ಬೇಕೇ ಬೇಕು. ಬಿಸ್ಕತ್ತಿನಲ್ಲಿ ಅದು ಜಾಸ್ತಿಯಾದರೆ ಬೇಯುವಾಗ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಮೊದಲ ಮಾತು: ನೀರು ಬೇಡ, ನಾದುವುದೂ ಬೇಡ. ತುಪ್ಪವೇ ಹಿಟ್ಟನ್ನು ಹಿಡಿದಿಡಬೇಕು. ಹಿಟ್ಟಿನ ಕಾಳು ಕಾಳಿಗೂ ತುಪ್ಪ ಸವರಿಕೊಂಡರೆ ಈ ಎಳೆಗಳು ಉದ್ದಕ್ಕೆ ಬೆಳೆಯುವುದಿಲ್ಲ, ಬಿಸ್ಕತ್ತು ಬಾಯಲ್ಲಿ ಪುಡಿಯಾಗುತ್ತದೆ.

ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಓವನ್‌ ಎಲ್ಲಿತ್ತು? ಹಿಟ್ಟು, ತುಪ್ಪ, ಸಕ್ಕರೆ ಡಬ್ಬಿಗಳಿಗೆ ತುಂಬಿಕೊಂಡು ಬೇಕರಿಯ ಭಟ್ಟಿಗೆ ಹೋಗುತ್ತಿದ್ದೆವು. ಕೂಲಿ ಕೊಟ್ಟರೆ ನಮ್ಮ ಕಣ್ಣೆದುರೇ ಕಲಸಿ, ಸುಟ್ಟು ಕೊಡುತ್ತಿದ್ದರು. ಭಟ್ಟಿಯ ಚಾಚಾ ತುಪ್ಪ ಮತ್ತು ಸಕ್ಕರೆಯನ್ನು ದೊಡ್ಡ ಪರಾತದಲ್ಲಿ ಹಾಕಿಕೊಂಡು ಅಂಗೈಯಿಂದ ಉಜ್ಜುತ್ತಾ ಕೂರುತ್ತಿದ್ದರು. ಹಳದಿ ಇದ್ದ ತುಪ್ಪ ನೋಡನೋಡುತ್ತಾ ಬೆಳ್ಳಗೆ ಆಗುತ್ತಿತ್ತು, ಉಬ್ಬುತ್ತಿತ್ತು. ಅಷ್ಟು ಹೊತ್ತು ಉಜ್ಜಿದವರು ಹಿಟ್ಟು ಸುರಿದ ಮೇಲೆ ಮಾತ್ರ ಕೈ ಹಗುರ ಮಾಡಿಬಿಡುತ್ತಿದ್ದರು. ಬೆರಳ ತುದಿಯಿಂದ ಸುಮ್ನೆ ಕೂಡಿಸಿ, ಉಂಡೆ ಕಟ್ಟಿ, ತಗಡಿಗೆ ಇಡುತ್ತಿದ್ದರು. ನೀನೂ ಹಾಗೇ ಮಾಡು. ಶಕ್ತಿಯೆಲ್ಲ ತುಪ್ಪ ಸಕ್ಕರೆಗೆ ಹಾಕು. ಅಲ್ಲಿ ಸೇರಿದ ಗಾಳಿಯೇ ಆಮೇಲೆ ಬಿಸ್ಕತ್ತನ್ನು ಹಗುರ ಮಾಡುವುದು.

ಉಸ್ಮಾನಿಯಾ ಬಿಸ್ಕತ್ತು, ಚಾಕೊಲೇಟ್‌ ಬಿಸ್ಕತ್ತು ಎಲ್ಲಾ ಮಾಡಬೇಕು ಎಂದು ನಿನಗೆ ಆಸೆ. ಮಾಡುವಿಯಂತೆ. ಮೊದಲು ಒಂದೇ ಒಂದು ಬಿಸ್ಕತ್ತು ಕೈಗೆ ಹತ್ತಲಿ, ಅದು ನಾನಖಟಾಯಿ. ಇದಕ್ಕೆ ಲಟ್ಟಿಸುವುದಿಲ್ಲ, ಅಚ್ಚು ಬೇಕಿಲ್ಲ, ಮೊಟ್ಟೆ ಬೇಕಿಲ್ಲ. ದಿನಕ್ಕೊಂದು ವಿಡಿಯೋ ನೋಡಿ ದಿನಕ್ಕೊಂದು ಅಳತೆ ಹಿಡಿದರೆ ಯಾವುದೂ ಕೈಗೆ ಕೂರುವುದಿಲ್ಲ. ಅಳತೆ ಬರೆದುಕೋ. ಮೈದಾ 150 ಗ್ರಾಂ, ಕಡಲೆಹಿಟ್ಟು 50 ಗ್ರಾಂ, ಜೋಳದ ಹಿಟ್ಟು 50 ಗ್ರಾಂ. ಪುಡಿ ಸಕ್ಕರೆ 100 ಗ್ರಾಂ, ತುಪ್ಪ 125 ಗ್ರಾಂ. ಬೇಕಿಂಗ್‌ ಪೌಡರ್‌ ಅರ್ಧ ಚಹಾ ಚಮಚ, ಚಿಟಿಕೆ ಉಪ್ಪು, ಏಲಕ್ಕಿ. ಹಿಟ್ಟುಗಳನ್ನು ಬೇಕಿಂಗ್‌ ಪೌಡರ್‌ ಜೊತೆ ಸೇರಿಸಿ ಎರಡು ಸಲ ಜರಡಿ ಹಿಡಿ. ಒಂದು ಸಣ್ಣ ತೂಕದ ಯಂತ್ರ ತೆಗೆದುಕೋ. ಲೋಟದ ಲೆಕ್ಕ ಕೈಕೊಡುತ್ತದೆ, ಯಾಕೆಂದರೆ ಒತ್ತಿ ತುಂಬಿದ ಲೋಟಕ್ಕೂ ಸಡಿಲ ತುಂಬಿದ ಲೋಟಕ್ಕೂ ಬಹಳ ವ್ಯತ್ಯಾಸ. ಬಣ್ಣಬಣ್ಣದ ಅಚ್ಚು, ಸಿಲಿಕಾನ್‌ ಹಾಳೆಗೆಲ್ಲ ಈಗಲೇ ದುಡ್ಡು ಸುರಿಯಬೇಡ.

ನಮ್ಮದು ತೊಗರಿಯ ನಾಡು ಅಂತ ಕಡಲೆಹಿಟ್ಟಿನ ಜಾಗಕ್ಕೆ ತೊಗರಿ ಹಿಟ್ಟು ಹಾಕಲು ಹೋಗಬೇಡ. ಕಡಲೆಹಿಟ್ಟು ತುಪ್ಪದಲ್ಲಿ ಬೆಂದಾಗ ಬರುವ ಘಮ ಅದಕ್ಕಿಲ್ಲ. ಜೋಳ ಮಾತ್ರ ಬಿಡಬೇಡ. ಹಿಂಗಾರಿನ ಮಾಲದಂಡಿ ಜೋಳವನ್ನು ಗಿರಣಿಯಲ್ಲಿ ಸಣ್ಣಗೆ ಬೀಸಿಸಿ ಹಾಕು. ರೊಟ್ಟಿಯಲ್ಲಿ ಕಷ್ಟ ಕೊಡುವ ಗುಣವೇ, ಅಂಟು ಇಲ್ಲದ್ದೇ, ಇಲ್ಲಿ ಉಪಕಾರಕ್ಕೆ ಬರುತ್ತದೆ. ಹಾಗಂತ ಪೂರಾ ಜೋಳದಲ್ಲೇ ಮಾಡಿದರೆ ಎತ್ತುವಾಗಲೇ ಮುರಿದು ಬೀಳುತ್ತದೆ. ಕೈ ಪಳಗಿದ ಮೇಲೆ ಜೋಳವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗು. ಜೋಳದ ಹಿಟ್ಟು ಹಳೆಯದಾದರೆ ಅದರೊಳಗಿನ ಎಣ್ಣೆಯಂಶ ಕೆಟ್ಟು ಕಹಿ ಬರುತ್ತದೆ. ಹಾಕುವ ಮೊದಲು ಚಿಟಿಕೆ ನಾಲಿಗೆಗೆ ಇಟ್ಟು ನೋಡು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿತು. ಈಗ ಅಂಗಡಿಗಳಲ್ಲೂ ಜೋಳದ ಬಿಸ್ಕತ್ತಿನ ಪ್ಯಾಕೆಟ್‌ ಸಿಗುತ್ತವೆ. ಮಗನಿಗೆ ತರುವ ಮುಂಚೆ ಪ್ಯಾಕೆಟ್‌ ತಿರುಗಿಸಿ ಹಿಂದೆ ಓದು. ತೂಕದಲ್ಲಿ ಯಾವುದು ಹೆಚ್ಚೋ ಅದರ ಹೆಸರು ಮೊದಲು ಬರೆಯಬೇಕು ಎಂಬ ನಿಯಮವಿದೆ. ಮುಂದೆ ಜೋಳದ ತೆನೆಯ ಚಿತ್ರ ಇದ್ದು ಹಿಂದೆ ಮೈದಾ ಮೊದಲಿದ್ದರೆ ಅದು ಮೈದಾ ಬಿಸ್ಕತ್ತೇ. ಮನೆಯದರಲ್ಲೂ ಸಕ್ಕರೆ, ತುಪ್ಪ ಕಡಿಮೆ ಏನಿಲ್ಲ. ಮಗನಿಗೆ ಒಂದೋ ಎರಡೋ ಕೊಡು, ಡಬ್ಬಿ ಕೈಗೆ ಕೊಡಬೇಡ. ಆದರೆ ಏನು ಹಾಕಿದ್ದೇನೆ ಎಂಬುದು ನಿನಗೆ ಗೊತ್ತಿರುತ್ತದಲ್ಲ, ನನಗೆ ಅದೇ ದೊಡ್ಡದು.

ತುಪ್ಪದ ಬಗ್ಗೆ ಗಮನ ಕೊಟ್ಟು ಓದು. ನಮ್ಮ ಕಡೆ ಬೇಸಿಗೆ ಎಂದರೆ 40 ಡಿಗ್ರಿ ದಾಟುವ ಬಿಸಿಲು. ತುಪ್ಪ ಡಬ್ಬಿಯಲ್ಲೇ ನೀರಾಗಿರುತ್ತದೆ. ಕರಗಿದ ತುಪ್ಪದಲ್ಲಿ ಎಷ್ಟು ಉಜ್ಜಿದರೂ ಗಾಳಿ ನಿಲ್ಲುವುದಿಲ್ಲ, ಬಿಸ್ಕತ್ತು ತಾಟಿನ ತುಂಬಾ ಹರಡಿ ಚಪ್ಪಟೆಯಾಗುತ್ತದೆ. ಮೇ ತಿಂಗಳಲ್ಲಿ ಮಾಡುವುದಾದರೆ ಬೆಳಿಗ್ಗೆ ಬೇಗ ಕಲಸು. ತುಪ್ಪವನ್ನು ಫ್ರಿಜ್‌ನಲ್ಲಿಟ್ಟು ಬೆರಳು ಒತ್ತಿದರೆ ಗುರುತು ಉಳಿಯುವಷ್ಟು ಗಟ್ಟಿಯಾದ ಮೇಲೆ ತೆಗೆ. ಉಂಡೆ ಕಟ್ಟಿ ತಾಟಿಗಿಟ್ಟ ಮೇಲೂ ಅರ್ಧ ಗಂಟೆ ಫ್ರಿಜ್‌ನಲ್ಲಿಡು. ಚಳಿಗಾಲದಲ್ಲಿ ತುಪ್ಪ ತಾನೇ ಹದದಲ್ಲಿರುತ್ತದೆ. ಸಕ್ಕರೆ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿ.

ಅಡುಗೆ ಸೋಡಾ ಹಾಕಿದ್ದೆ ಅಂದೆ. ಸೋಡಾ ಸರಿಯಾಗಿ ಕೆಲಸ ಮಾಡಲು ಮೊಸರಿನಂಥ ಹುಳಿ ಬೇಕು. ಹುಳಿ ಇಲ್ಲದೆ ಜಾಸ್ತಿ ಹಾಕಿದರೆ ಸಾಬೂನಿನ ರುಚಿ ಉಳಿಯುತ್ತದೆ. ಬೇಕಿಂಗ್‌ ಪೌಡರಿನಲ್ಲಿ ಹುಳಿ ಕೂಡಿಸಿಯೇ ಇರುತ್ತಾರೆ. ನಿನ್ನ ಡಬ್ಬಿಯದು ಹಳೆಯದಾಗಿದ್ದರೆ ಅರ್ಧ ಚಮಚವನ್ನು ಬಿಸಿ ನೀರಿಗೆ ಹಾಕಿ ನೋಡು. ಭರ್ರನೆ ನೊರೆ ಬರದಿದ್ದರೆ ಎಸೆದುಬಿಡು.

ಹದ ನೋಡುವುದು ಹೀಗೆ. ಹಿಡಿಯಲ್ಲಿ ಹಿಟ್ಟು ಒತ್ತಿದರೆ ಮುದ್ದೆ ಕೂಡಬೇಕು, ಹೆಬ್ಬೆರಳಿನಿಂದ ತಳ್ಳಿದರೆ ಒಡೆಯಬೇಕು. ಎಳೆದರೆ ಜಗ್ಗುತ್ತಿದ್ದರೆ ಕೈ ಜಾಸ್ತಿ ಆಗಿದೆ. ಕೂಡುತ್ತಲೇ ಇಲ್ಲ ಅಂದರೆ ಒಂದು ಚಮಚ ತುಪ್ಪ ಸೇರಿಸು. ನಿಂಬೆಹಣ್ಣಿನ ಗಾತ್ರಕ್ಕಿಂತ ಚಿಕ್ಕ ಉಂಡೆ ಮಾಡಿ, ಮೇಲೆ ಮೆಲ್ಲಗೆ ಒತ್ತಿ, ಒಂದು ಪಿಸ್ತಾ ಚೂರು ಕೂರಿಸು. ನಡುವೆ ಎರಡು ಬೆರಳಿನ ಜಾಗ ಬಿಡು.

ಓವನ್‌ ಅನ್ನು 160 ಡಿಗ್ರಿಗೆ ಹತ್ತು ನಿಮಿಷ ಮೊದಲೇ ಕಾಯಿಸು. ಆಮೇಲೆ 15ರಿಂದ 18 ನಿಮಿಷ. ಸಣ್ಣ ಓವನ್‌ಗಳಲ್ಲಿ ಒಂದು ಕಡೆ ಕಾವು ಹೆಚ್ಚಿರುತ್ತದೆ, ಹತ್ತು ನಿಮಿಷವಾದ ಮೇಲೆ ತಾಟು ತಿರುಗಿಸು. ಮೇಲ್ಭಾಗ ಕೆಂಪಾಗಲಿ ಎಂದು ಕಾಯಬೇಡ. ಮೇಲೆ ಬೆಳ್ಳಗೇ ಇರುತ್ತದೆ, ಸಣ್ಣ ಬಿರುಕು ಬಿಟ್ಟಿರುತ್ತದೆ. ಒಂದನ್ನು ಚಾಕುವಿನಿಂದ ಎತ್ತಿ ಅಡಿ ನೋಡು, ಹೊಂಬಣ್ಣ ಬಂದಿದ್ದರೆ ತೆಗೆ. ಆಗ ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲ ಎಂದು ಹೆದರಿ ಮತ್ತೆ ಒಳಗಿಡಬೇಡ. ತಣ್ಣಗಾಗುತ್ತಾ ತಾನೇ ಗರಿಯಾಗುತ್ತದೆ. ಪೂರ್ತಿ ಆರುವ ಮುನ್ನ ಡಬ್ಬಿಗೆ ಹಾಕಿದರೆ ಒಳಗೆ ಹಬೆ ಕಟ್ಟಿ ಮೆತ್ತಗಾಗಿಬಿಡುತ್ತದೆ.

ಕರೆಂಟು ಇಲ್ಲದ ದಿನ ದಪ್ಪ ತಳದ ಕುಕ್ಕರ್‌ ಸಾಕು. ಗ್ಯಾಸ್ಕೆಟ್‌, ಸೀಟಿ ಎರಡನ್ನೂ ತೆಗೆದಿಡು, ನೀರು ಹಾಕಬೇಡ. ತಳಕ್ಕೆ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್‌ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸು. ಆಮೇಲೆ ಬಿಸ್ಕತ್ತಿನ ತಟ್ಟೆ ಇಳಿಸಿ, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ. ಮಗನನ್ನು ಒಲೆಯ ಹತ್ತಿರ ಬಿಡಬೇಡ. ಉಂಡೆ ಕಟ್ಟುವ ಕೆಲಸ ಅವನಿಗೆ ಕೊಡು, ವಾರೆಕೋರೆ ಆದರೂ ಪರವಾಗಿಲ್ಲ.

ಪಕ್ಕದ ಮನೆಯವರು ಆರ್ಡರ್‌ ಕೊಡುತ್ತೇವೆ ಅಂದರು ಅಂದೆಯಲ್ಲ, ಅವಸರ ಬೇಡ. ಒಂದೇ ಅಳತೆಯಲ್ಲಿ ಮಾಡಿದ್ದು ಬೇಸಿಗೆಗೂ ಮಳೆಗಾಲಕ್ಕೂ ಒಂದೇ ಥರ ಬರುವ ತನಕ ದುಡ್ಡು ತೆಗೆದುಕೊಳ್ಳಬೇಡ. ಸುಮ್ನೆ ಚಹಾದ ಜೊತೆ ಕೊಡು, ತಿಂದವರು ಏನನ್ನುತ್ತಾರೆ ಕೇಳು.

ಮುಂದಿನ ಸಲ ಮಾಡಿದಾಗ ಒಂದನ್ನು ನಡುವೆ ಮುರಿದು, ಒಳಗಿನ ಫೋಟೋ ಕಳಿಸು. ಮೇಲಿನ ಚೆಂದ ನೋಡಿ ನನಗೆ ಏನೂ ಗೊತ್ತಾಗುವುದಿಲ್ಲ.

ನಿನ್ನ
ದೊಡ್ಡವ್ವ