ಈ ನವೆಂಬರ್‌ಗೆ ಒಂದು ಫ್ಲೆಕ್ಸ್ ಕಡಿಮೆ ಮಾಡಿ, ಶಂಕರಣ್ಣನ ಹೆಸರಲ್ಲಿ ನಾಟಕದ ತಾಲೀಮು ಮನೆ ಕಟ್ಟೋಣ

ದಾವಣಗೆರೆಯ ಬಂಧುಗಳೇ,

ನವೆಂಬರ್ ಬಂತೆಂದರೆ ನಮ್ಮೂರಿನ ಆಟೋ ಸ್ಟ್ಯಾಂಡ್‌ಗಳಲ್ಲಿ ಎರಡು ಹಬ್ಬ. 1ಕ್ಕೆ ರಾಜ್ಯೋತ್ಸವ, 9ಕ್ಕೆ ಶಂಕರ್‌ನಾಗ್ ಹುಟ್ಟುಹಬ್ಬ. ಬಾವುಟ, ಹಾರ, ಆರ್ಕೆಸ್ಟ್ರಾ, ಎಲ್ಲರಿಗೂ ಕೇಸರಿಬಾತ್. ಅದನ್ನು ಬಿಡಿ ಅನ್ನುವ ಧೈರ್ಯ ನಮಗಿಲ್ಲ, ಮನಸ್ಸೂ ಇಲ್ಲ. ನಮ್ಮ ಕಣ್ಣಿರುವುದು ಫ್ಲೆಕ್ಸ್‌ಗೆ ಹೋಗುವ ದುಡ್ಡಿನ ಮೇಲೆ ಮಾತ್ರ.

ಶಂಕರ್‌ನಾಗ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದ ಕಡೆ. ತೀರಿಕೊಂಡಿದ್ದು ನಮ್ಮ ಆನಗೋಡಿನ ಹತ್ತಿರ, 1990ರ ಸೆಪ್ಟೆಂಬರ್ 30ರಂದು, ಕಾರು ಅಪಘಾತದಲ್ಲಿ. ಆಗ ಅವರಿಗಿನ್ನೂ 35. ಹೆದ್ದಾರಿಯಲ್ಲಿ ಆ ಊರಿನ ಬೋರ್ಡು ಕಂಡರೆ ಇವತ್ತಿಗೂ ಬಸ್ಸಿನಲ್ಲಿ ಯಾರಾದರೊಬ್ಬರು ಅದನ್ನೇ ಹೇಳುತ್ತಾರೆ. ಅವರ ಕಥೆಯಲ್ಲಿ ನಮ್ಮ ಜಿಲ್ಲೆ ಬರುವುದು ಆ ಒಂದು ಸಾಲಿನಲ್ಲಿ. ನಮಗೆ ಅದಿಷ್ಟೇ ಸಾಲದು ಅನ್ನಿಸಿದೆ.

ಜನಕ್ಕೆ ಅವರು ಆಟೋ ರಾಜ. ನಾಟಕದವರ ಲೆಕ್ಕ ಸ್ವಲ್ಪ ಬೇರೆ. ಮುಂಬೈಯಲ್ಲಿ ಬ್ಯಾಂಕ್ ಕೆಲಸ ಮಾಡಿಕೊಂಡು ಮರಾಠಿ ನಾಟಕಗಳ ಹಿಂದೆ ಬಿದ್ದ ಹುಡುಗ ಅವರು. 1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ಕನ್ನಡಕ್ಕೆ ಬಂದರು. ಆ ಪಾತ್ರಕ್ಕೇ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು. 1980ರ ಹೊತ್ತಿಗೆ 'ಮಿಂಚಿನ ಓಟ' ನಿರ್ದೇಶಿಸಿ, ಅದರಲ್ಲಿ ತಾವೇ ನಟಿಸಿದ್ದರು. 'ಆಟೋ ರಾಜ' ಬಂದಿದ್ದೂ ಅದೇ ವರ್ಷ. ಹನ್ನೆರಡು ವರ್ಷದಲ್ಲಿ 80ಕ್ಕೂ ಜಾಸ್ತಿ ಸಿನಿಮಾ. ಎಲ್ಲವೂ ಚೆನ್ನಾಗಿರಲಿಲ್ಲ ಬಿಡಿ, ಅಭಿಮಾನಿಗಳು ಬೈದುಕೊಂಡರೂ ಪರವಾಗಿಲ್ಲ.

ಆದರೆ ಇಷ್ಟು ಓಡಾಟದ ನಡುವೆಯೂ ಅವರು ನಾಟಕ ಬಿಡಲಿಲ್ಲ. ಹೆಂಡತಿ ಅರುಂಧತಿ ನಾಗ್ ಜೊತೆ 'ಸಂಕೇತ್' ತಂಡ ನಡೆಸಿದರು. 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ನಾಗಮಂಡಲ' ಎಲ್ಲ ಆ ತಂಡ ಆಡಿದ ನಾಟಕಗಳು. ಆಗುಂಬೆಯನ್ನೇ ಮಾಲ್ಗುಡಿ ಮಾಡಿ, ಆರ್.ಕೆ. ನಾರಾಯಣರ ಕಥೆಗಳನ್ನು 'ಮಾಲ್ಗುಡಿ ಡೇಸ್' ಆಗಿ ದೂರದರ್ಶನಕ್ಕೆ ತಂದರು. ಆ ಧಾರಾವಾಹಿಯನ್ನು ಇನ್ನೊಂದು ಸಲ ನೋಡಿ. ಎರಡು ನಿಮಿಷ ಬಂದು ಹೋಗುವ ಪಾತ್ರವೂ ಮನಸ್ಸಲ್ಲಿ ಕೂರುತ್ತದೆ. ಅಲ್ಲಿ ಕಾಣುವವರಲ್ಲಿ ಎಷ್ಟೋ ಜನ ರಂಗಭೂಮಿಯವರು. ತಾಲೀಮು ಮಾಡಿ ಪಳಗಿದವರು ಸಿಕ್ಕರೆ ನಿರ್ದೇಶಕರಿಗೆ ಎಷ್ಟು ಅನುಕೂಲ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗ ಶಂಕರ' ರಂಗಮಂದಿರ ಶುರುವಾಗಿದ್ದು 2004ರಲ್ಲಿ, ಅವರು ಹೋಗಿ 14 ವರ್ಷ ಆದ ಮೇಲೆ. ಅರುಂಧತಿಯವರು ಪಟ್ಟು ಹಿಡಿದು, ದೇಣಿಗೆ ಕೂಡಿಸಿ ಕಟ್ಟಿಸಿದ್ದು. ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನೋಡಿ. ಅಷ್ಟು ಚಿಕ್ಕ ಊರಿಂದ 'ಶಿವಸಂಚಾರ' ತಂಡದ ನಾಟಕಗಳು ನಾಡೆಲ್ಲ ಸುತ್ತುತ್ತವೆ. ನಮ್ಮ ದಾವಣಗೆರೆಯೇನು ಕಡಿಮೆಯೇ? ರಂಗನಟಿ ಚಿಂದೋಡಿ ಲೀಲಾ ಅವರ ಊರು. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಅಂಥ ಊರಲ್ಲಿ ನಮ್ಮ ಹುಡುಗರು ತಾಲೀಮು ಮಾಡುವುದು ಸಂಜೆ ಶಾಲೆ ಬಿಟ್ಟ ಮೇಲೆ ಸಿಗುವ ಒಂದು ಕೋಣೆಯಲ್ಲಿ. ಪರೀಕ್ಷೆ ಬಂದರೆ ಅದೂ ಇಲ್ಲ.

ಈಗ ನಮ್ಮ ಟ್ರಸ್ಟಿಗೆ ಒಂದು ಹಳೇ ಗೋಡೌನ್ ಹತ್ತು ವರ್ಷದ ಕರಾರಿಗೆ ಸಿಕ್ಕಿದೆ. ಗೋಡೆ ಗಟ್ಟಿಯಿದೆ. ಮಾಡು ತಗಡಿನದು, ಮಳೆ ಬಂದರೆ ಎದುರಿಗೆ ನಿಂತವರ ಮಾತೂ ಕೇಳಿಸುವುದಿಲ್ಲ. ಮಾಡಿನ ಕೆಳಗೆ ಸೀಲಿಂಗ್ ಹಾಕಿಸಬೇಕು, ನೆಲಕ್ಕೆ ಹಲಗೆ ಬೇಕು, ವೈರಿಂಗ್ ಹೊಸದಾಗಿ ಆಗಬೇಕು. ಹತ್ತು ಲೈಟು, ಅವುಗಳ ಬೆಳಕನ್ನು ಏರಿಸಿ ಇಳಿಸಲು ಒಂದು ಡಿಮ್ಮರ್. ಹೆಣ್ಣುಮಕ್ಕಳಿಗೆ ಬಾಗಿಲು ಸರಿಯಾಗಿ ಮುಚ್ಚುವ ಒಂದು ಶೌಚಾಲಯ. ಎಲ್ಲ ಸೇರಿ ನಮ್ಮ ಅಂದಾಜು 4,50,000 ರೂಪಾಯಿ. ಮೊದಲು ಆಗಬೇಕಾದದ್ದು ಶೌಚಾಲಯ, ಲೈಟು ಆಮೇಲೆ.

ಇಲ್ಲಿ ಬರೀ ಆ್ಯಕ್ಟಿಂಗ್ ಹೇಳಿಕೊಡುವುದಿಲ್ಲ. ಮೊದಲ ಮೂರು ತಿಂಗಳು ಪರದೆ ಎಳೆಯಬೇಕು, ಸೆಟ್ಟಿಗೆ ಮೊಳೆ ಹೊಡೆಯಬೇಕು, ಲೈಟು ಹಿಡಿಯಬೇಕು, ಇನ್ನೊಬ್ಬರ ಮುಖಕ್ಕೆ ಬಣ್ಣ ಹಚ್ಚಬೇಕು. ಆಮೇಲೆ ಪ್ರತಿಯೊಬ್ಬರೂ ಹತ್ತು ನಿಮಿಷದ ಒಂದು ನಾಟಕ ನಿರ್ದೇಶಿಸಬೇಕು. ರೀಲ್ಸ್ ಮಾಡಿ ಹೀರೋ ಆಗುವ ಆಸೆಯವರಿಗೆ ಇದು ಬೇಜಾರಾಗಬಹುದು. ಆಗಲಿ. ಆಟೋ ಓಡಿಸುವವರ ಮಕ್ಕಳಿಂದ ಫೀಸು ತೆಗೆದುಕೊಳ್ಳುವುದಿಲ್ಲ. ಇದು ಕಮಿಟಿಯಲ್ಲಿ ಒಬ್ಬರೂ ತಕರಾರು ಮಾಡದೆ ಒಪ್ಪಿದ ಏಕೈಕ ತೀರ್ಮಾನ!

100 ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ಅನುಮತಿ ನಮಗಿನ್ನೂ ಸಿಕ್ಕಿಲ್ಲ, ಅದನ್ನು ಮೊದಲೇ ತಿಳಿದಿರಿ. ಪ್ರತಿ ತಿಂಗಳ ಜಮಾ-ಖರ್ಚು ಗೋಡೌನ್ ಬಾಗಿಲಿಗೇ ಅಂಟಿಸುತ್ತೇವೆ, ಯಾರು ಬೇಕಾದರೂ ಬಂದು ಓದಬಹುದು. ಫ್ಯಾನ್ ಕೊಟ್ಟವರು ಆಸೆಪಟ್ಟರೆ ರೆಕ್ಕೆ ಮೇಲೆ ಅವರ ಹೆಸರನ್ನೂ ಬರೆಸುತ್ತೇವೆ, ತಿರುಗುವಾಗ ಕಾಣಿಸದಿದ್ದರೆ ನಮ್ಮನ್ನು ಕೇಳಬೇಡಿ. ದುಡ್ಡು ಕೊಡಲು ಆಗದವರು ಹಳೇ ರೇಷ್ಮೆ ಸೀರೆ, ಪಂಚೆ, ಟ್ರಂಕು, ಲಾಟೀನು ಕೊಡಿ, ನಾಟಕಕ್ಕೆ ಎಲ್ಲವೂ ಬೇಕಾಗುತ್ತದೆ. ವೈರಿಂಗ್ ಬಲ್ಲವರು, ಬಡಗಿಗಳು ಒಂದು ಭಾನುವಾರದ ಕೆಲಸ ಕೊಟ್ಟರೂ ಅದು ದೇಣಿಗೆಯೇ. ಬಾಡಿಗೆಗೆ ಹೊರಟಿರುವ ಆಟೋದವರು ಸುಮ್ನೆ ಒಂದು ಹಾರ್ನ್ ಹೊಡೆಯಿರಿ, ನಾವೇ ರಸೀದಿ ಪುಸ್ತಕ ಹಿಡಿದುಕೊಂಡು ಸ್ಟ್ಯಾಂಡಿಗೆ ಬರುತ್ತೇವೆ.